ಹಾರಿಸದ ದಿನವೂ ಪೈಲಟ್ ಪೈಲಟ್ಟೇ

ಮೂರು ವರ್ಷದ ಹಿಂದೆ ನಮ್ಮ ಜಿಲ್ಲೆಯ ಉತ್ಸವಕ್ಕೆ ಬಿಸಿಗಾಳಿ ಬಲೂನು ಬಂದಿತ್ತು. ಬ್ಯಾನರ್‌ನಲ್ಲಿ ಮುಖಂಡರ ಫೋಟೊಗಿಂತ ಬಲೂನಿನ ಫೋಟೊ ದೊಡ್ಡದಿತ್ತು ಅಂದರೆ ಅದರ ಅಬ್ಬರ ಎಷ್ಟಿತ್ತೆಂದು ನೀವೇ ಲೆಕ್ಕ ಹಾಕಿ. ಸುತ್ತಲಿನ ಹಳ್ಳಿಗಳ ಜನ ಟ್ರ್ಯಾಕ್ಟರ್, ಟಂಟಂ ಮಾಡಿಕೊಂಡು ನಸುಕಿನಲ್ಲೇ ಬಂದು ಮೈದಾನದಲ್ಲಿ ಕೂತಿದ್ದರು. ಆರಕ್ಕೆ ಏಳಬೇಕಾದ ಬಲೂನು ಏಳಾದರೂ ಏಳಲಿಲ್ಲ. ಪೈಲಟ್ ಒಂದು ಸಣ್ಣ ಬಲೂನನ್ನು, ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುತ್ತೇವಲ್ಲ ಅಂಥದ್ದನ್ನು, ಆಕಾಶಕ್ಕೆ ಬಿಟ್ಟು ಅದು ಹೋಗುವ ದಾರಿಯನ್ನೇ ನೋಡುತ್ತಾ ನಿಂತರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬಿಟ್ಟರು. ಆಮೇಲೆ ಬಂದು, ಇವತ್ತು ಆಗುವುದಿಲ್ಲ ಅಂದರು.

ಜನ ಸುಮ್ಮನಿರುತ್ತಾರೆಯೇ? "ಒಂದು ಎಲಿ ಸೈತ ಅಳ್ಳಾಡವಲ್ದು, ಗಾಳಿ ಅಂತಾನಲ್ರೀ ಇವ" ಎಂದು ಒಬ್ಬರು. "ರೊಕ್ಕ ಎಣಿಸಿಕೊಂಡು ನಾಟಕ ಮಾಡಾಕತ್ತಾನ" ಎಂದು ಇನ್ನೊಬ್ಬರು. ನಾವೂ ಅದನ್ನೇ ಬರೆದು ಕಳಿಸಿದೆವು. ಬಲೂನು ಹಾರಲಿಲ್ಲ, ಜನರ ದುಡ್ಡು ಹಾರಿತು ಅನ್ನುವ ಅರ್ಥದ ಹೆಡ್ಡಿಂಗು. ಮರುದಿನ ಫೋಟೊ ಸಮೇತ ಎರಡು ಕಾಲಂ ಬಂತು. ಸ್ಟ್ರಿಂಗರ್ ಬದುಕಿನಲ್ಲಿ ಎರಡು ಕಾಲಂ ಅಂದರೆ ಸಣ್ಣ ಹಬ್ಬ. ಆ ಹಬ್ಬದಲ್ಲಿ ನಾವು ಮರೆತದ್ದು ಡಿಪ್ಲೊಮಾ ಕ್ಲಾಸಿನ ಮೊದಲ ವಾರದ ಪಾಠವನ್ನು: ಯಾರ ಮೇಲೆ ಬರೆಯುತ್ತೀರೋ ಅವರ ಮಾತನ್ನೂ ಕೇಳಿ. ಪೈಲಟ್‌ನನ್ನು ನಾವು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಆ ಸಂಜೆ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಅವರೇ ಸಿಕ್ಕರು. ರಾಜಸ್ಥಾನದ ಕಡೆಯವರು. ಪತ್ರಿಕೆಯನ್ನು ಯಾರೋ ಓದಿ ಹೇಳಿದ್ದರಂತೆ. ಸಿಟ್ಟು ಮಾಡಲಿಲ್ಲ, ಚಹಾ ಹೇಳಿದರು. ಆಮೇಲೆ ಹಿಂದಿಯಲ್ಲಿ ಹೇಳಿದ್ದರ ಸಾರ ಇಷ್ಟು: "ನೆಲದ ಮೇಲೆ ಗಾಳಿ ಇರಲಿಲ್ಲ, ಸರಿ. ಆದರೆ ಆ ಸಣ್ಣ ಬಲೂನು ಎರಡು ತೆಂಗಿನಮರ ದಾಟಿದ ಕೂಡಲೇ ಹೇಗೆ ಓಡಿತು ನೋಡಿದಿರಾ? ಓಡಿದ್ದು ಯಾವ ಕಡೆಗೆ? ಕರೆಂಟ್ ಲೈನ್ ಇರುವ ಕಡೆಗೆ."

ನಾವು ನೋಡಿರಲಿಲ್ಲ. ಜನರ ಗದ್ದಲದ ಫೋಟೊ ತೆಗೆಯುತ್ತಿದ್ದೆವು.

ಬಿಸಿಗಾಳಿ ಬಲೂನಿಗೆ ಸ್ಟೇರಿಂಗ್ ಇಲ್ಲ, ಬ್ರೇಕ್ ಇಲ್ಲ. ಪೈಲಟ್ ಕೈಯಲ್ಲಿರುವುದು ಎರಡೇ. ಪ್ರೊಪೇನ್ ಗ್ಯಾಸಿನ ಬರ್ನರ್ ಉರಿಸಿದರೆ ಒಳಗಿನ ಗಾಳಿ ಬಿಸಿಯಾಗಿ ಬಲೂನು ಮೇಲೇರುತ್ತದೆ, ನೆತ್ತಿಯ ಕಿಂಡಿಯನ್ನು ಹಗ್ಗ ಎಳೆದು ತೆರೆದರೆ ಬಿಸಿಗಾಳಿ ಹೊರಗೆ ಹೋಗಿ ಕೆಳಗಿಳಿಯುತ್ತದೆ. ಎಡ ಬಲ ಹೋಗುವುದು ಗಾಳಿಯ ಇಷ್ಟ. ಆದರೆ ಗಾಳಿ ಎಲ್ಲ ಎತ್ತರದಲ್ಲೂ ಒಂದೇ ಕಡೆ ಬೀಸುವುದಿಲ್ಲ. ಯಾವ ಎತ್ತರದಲ್ಲಿ ಯಾವ ದಿಕ್ಕಿನದು ಸಿಗುತ್ತದೆ ಎಂದು ಹುಡುಕಿ ಅದರ ಮೇಲೆ ಕೂರುವುದೇ ಈ ಕಸುಬು. ಕಣದಲ್ಲಿ ಮೊರ ಎತ್ತಿ ಹಿಡಿದು ಗಾಳಿಗಾಗಿ ಕಾದು ರಾಶಿ ತೂರಿದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲೇರಿದ ಮೇಲೆ ನೆಲ ಕಾಯ್ದು ಗಾಳಿ ಚೆಲ್ಲಾಪಿಲ್ಲಿಯಾಗುತ್ತದೆ, ಅದಕ್ಕೇ ಬಲೂನುಗಳು ಹಾರುವುದು ಸೂರ್ಯ ಹುಟ್ಟುವ ಹೊತ್ತಿಗೆ, ಇಲ್ಲವೇ ಮುಳುಗುವ ಮೊದಲು.

ನೀವು ಇದಕ್ಕೆ ಹೇಗೆ ಬಂದಿರಿ ಎಂದು ಕೇಳಿದೆವು. ತಾವು ಜೀಪ್ ಡ್ರೈವರ್ ಆಗಿದ್ದೆ ಅಂದರು. ಬಲೂನು ಎಲ್ಲಿ ಇಳಿಯುತ್ತದೆಂದು ಹೊರಡುವಾಗ ಯಾರಿಗೂ ಖಚಿತ ಗೊತ್ತಿರುವುದಿಲ್ಲ. ಅದಕ್ಕೆ ಕೆಳಗೆ ಒಂದು ಗಾಡಿ, ನಾಲ್ಕೈದು ಜನ ಹಿಂಬಾಲಿಸಬೇಕು. ಹೊಲ, ಹಳ್ಳ, ಮುಳ್ಳುಬೇಲಿ ದಾಟಿಕೊಂಡು ಹೋಗಿ ಬುಟ್ಟಿ ಹಿಡಿಯಬೇಕು, ಬಟ್ಟೆ ಮಡಚಬೇಕು, ಎಲ್ಲವನ್ನೂ ಗಾಡಿಗೆ ಹೇರಬೇಕು. ಎರಡು ವರ್ಷ ಅವರು ಬಲೂನನ್ನು ಕೆಳಗಿನಿಂದಲೇ ನೋಡಿದರು. ಒಂದು ದಿನ ಒಬ್ಬ ಪ್ರಯಾಣಿಕ ಬರಲಿಲ್ಲ, ಪೈಲಟ್ ಇವರನ್ನು ಹತ್ತಿಸಿಕೊಂಡರು.

"ಮೇಲೆ ಹೋದಾಗ ಹೆದರಿಕೆ ಆಗಲಿಲ್ಲವೇ?"

ಹೆದರಿಕೆ ಆಗುತ್ತದೆ ಅಂದುಕೊಂಡೇ ಹೋಗಿದ್ದರಂತೆ. ಆದರೆ ಬರ್ನರ್ ಆರಿಸಿದ ಕೂಡಲೇ ಎಲ್ಲ ನಿಶ್ಶಬ್ದ. ಗಾಳಿಯ ಜೊತೆಗೇ ಹೋಗುವುದರಿಂದ ಮುಖಕ್ಕೆ ಗಾಳಿಯೇ ಬಡಿಯುವುದಿಲ್ಲ. ಕೆಳಗೆ ನಾಯಿ ಬೊಗಳಿದ್ದು, ಯಾವುದೋ ಅಂಗಳದಲ್ಲಿ ಹೆಂಗಸರು ಮಾತಾಡಿದ್ದು, ಬಾವಿಗೆ ಕೊಡ ತಾಗಿದ್ದು, ಎಲ್ಲ ಪಕ್ಕದಲ್ಲೇ ಆದಂತೆ ಕೇಳಿಸಿತು. "ನನ್ನ ಊರು ಇಷ್ಟು ಚೆನ್ನಾಗಿ ನನಗೆ ಎಂದೂ ಕೇಳಿಸಿರಲಿಲ್ಲ" ಅಂದರು. ಮರುದಿನದಿಂದ ಜೀಪಿನಲ್ಲಿ ಕೂತರೂ ಮನಸ್ಸು ಮೇಲೇ.

ಅಂದಿನಿಂದ ನಮಗೆ ಬಲೂನಿನ ಹುಚ್ಚು ಹತ್ತಿತು, ಹಾರುವ ಹುಚ್ಚಲ್ಲ, ಓದುವ ಹುಚ್ಚು. ಓದುತ್ತಾ ಹೋದಂತೆ ಹಾರಾಟದ ಪ್ರೀತಿ ದೊಡ್ಡಮನೆಯ ಬಾಗಿಲಿನಿಂದಲೇ ಬರಬೇಕೆಂದಿಲ್ಲ ಅನ್ನುವುದು ಕಂಡಿತು. ಫ್ರಾನ್ಸಿನ ಅನೊನೆ ಎಂಬ ಊರಿನಲ್ಲಿ 1783ರ ಜೂನ್‌ನಲ್ಲಿ ಮೊದಲ ಬಲೂನನ್ನು ಜನರೆದುರು ಹಾರಿಸಿದ ಮೊಂಗೊಲ್ಫಿಯೆ ಅಣ್ಣತಮ್ಮಂದಿರು ಕಾಗದ ತಯಾರಿಸುವ ಮನೆತನದವರು. ತಮಾಷೆ ಏನೆಂದರೆ, ಬಲೂನನ್ನು ಎತ್ತುವುದು ಹೊಗೆ ಅಂತ ಅವರು ನಂಬಿದ್ದರು. ಅದಕ್ಕೆ ಒದ್ದೆ ಹುಲ್ಲು, ಉಣ್ಣೆ ಸುಟ್ಟು ದಟ್ಟ ಹೊಗೆ ಎಬ್ಬಿಸುತ್ತಿದ್ದರು. ಕಾರಣ ತಪ್ಪಿದ್ದರೂ ಬಲೂನು ಹಾರಿತು. ಸೆಪ್ಟೆಂಬರ್‌ನಲ್ಲಿ ರಾಜನ ಮುಂದೆ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಹಾರಿ ಬಂದವು. ನವೆಂಬರ್ 21ಕ್ಕೆ ಇಬ್ಬರು ಮನುಷ್ಯರು ಪ್ಯಾರಿಸ್ ಮೇಲೆ ಹಾರಿದರು.

ಅದೇ ವರ್ಷ ಆಗಸ್ಟ್‌ನಲ್ಲಿ ಇನ್ನೊಂದು ನಡೆಯಿತು, ಅದು ನಮ್ಮಂಥ ಹಳ್ಳಿಯವರ ಕಥೆ. ಪ್ಯಾರಿಸ್‌ನಿಂದ ಮನುಷ್ಯರಿಲ್ಲದೆ ಬಿಟ್ಟ ಹೈಡ್ರೋಜನ್ ಬಲೂನು ಗೊನೆಸ್ ಎಂಬ ಹಳ್ಳಿಯ ಹೊಲದಲ್ಲಿ ಬಿತ್ತು. ಉಸಿರಾಡುವಂತೆ ಉಬ್ಬಿ ತಗ್ಗುವ ಅದನ್ನು ಕಂಡು ರೈತರು ಯಾವುದೋ ಪ್ರಾಣಿ ಎಂದು ಬೆದರಿ, ಹುಲ್ಲೆತ್ತುವ ಕವೆಗೋಲಿನಿಂದ ಚುಚ್ಚಿ ಹರಿದು ಹಾಕಿದರು. ಆಮೇಲೆ ಸರ್ಕಾರ, ಇದು ಬಲೂನು, ಹೆದರಬೇಡಿ ಎಂದು ಪ್ರಕಟಣೆ ಹೊರಡಿಸಬೇಕಾಯಿತು. ಓದಿದವರು ಇದನ್ನು ಹಳ್ಳಿಗರ ದಡ್ಡತನ ಎಂದು ನಗುತ್ತಾ ಹೇಳುತ್ತಾರೆ. ನಮಗೆ ನಗು ಬರಲಿಲ್ಲ. ಮೊದಲೇ ಹೇಳದೆ ಒಬ್ಬರ ಹೊಲದಲ್ಲಿ ಆಕಾಶದಿಂದ ಏನಾದರೂ ಇಳಿಸಿದರೆ ಮತ್ತೇನಾಗಬೇಕು?

ಸೋಫಿ ಬ್ಲಾಂಶಾರ್ ಎಂಬ ಹೆಣ್ಣುಮಗಳ ವಿಷಯ ಓದಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ಕುದುರೆ ಗಾಡಿ ಹತ್ತಲೂ ಹೆದರುವ ಪುಕ್ಕಲು ಸ್ವಭಾವದವಳು ಎಂದು ಅವಳ ಕಾಲದವರು ಬರೆದಿದ್ದಾರೆ. 1804ರಲ್ಲಿ ಗಂಡನ ಜೊತೆ ಮೊದಲ ಸಲ ಮೇಲೆ ಹೋದಳು. ಅಲ್ಲಿ ಅವಳ ಹೆದರಿಕೆ ಮಾಯ. ಗಂಡನೂ ಬಲೂನಿನವನೇ, ಸಾಲ ಬಿಟ್ಟು ಸತ್ತ. ಅವಳು ಒಬ್ಬಳೇ ಹಾರಿ ಪ್ರದರ್ಶನ ಕೊಟ್ಟು ಬದುಕಿದಳು, ನೆಪೋಲಿಯನ್ ಅವಳಿಗೆ ಹುದ್ದೆಯನ್ನೂ ಕೊಟ್ಟ. 1819ರಲ್ಲಿ ಪ್ಯಾರಿಸ್‌ನಲ್ಲಿ ಬಲೂನಿನಿಂದ ಬಾಣಬಿರುಸು ಬಿಡುವಾಗ ಹೈಡ್ರೋಜನ್‌ಗೆ ಬೆಂಕಿ ತಗುಲಿ ಬಿದ್ದು ಸತ್ತಳು. ನೆರೆದ ಜನಕ್ಕೆ ಮೊದಲು ಅದೂ ಆಟದ ಭಾಗ ಅನ್ನಿಸಿ ಚಪ್ಪಾಳೆ ಹೊಡೆದರಂತೆ. ಜನ ನೋಡಬೇಕೆಂದು ಹಾರುವುದು ಎಲ್ಲಿಗೆ ಮುಟ್ಟಿಸುತ್ತದೆ ಎನ್ನುವುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ನಮ್ಮ ದೇಶದವರ ಹೆಸರು ಬೇಕೆಂದರೆ ವಿಜಯಪತ್ ಸಿಂಘಾನಿಯಾ. ರೇಮಂಡ್ ಬಟ್ಟೆಯವರು. ಹಣವಿತ್ತು, ಸರಿ. ಆದರೆ ಹಣವಿದ್ದವರೆಲ್ಲ 67ನೇ ವಯಸ್ಸಿನಲ್ಲಿ ಇಂಥ ಕೆಲಸಕ್ಕೆ ಕೈ ಹಾಕುವುದಿಲ್ಲ. 1988ರಲ್ಲೇ ಪುಟ್ಟ ಮೈಕ್ರೊಲೈಟ್ ವಿಮಾನದಲ್ಲಿ ಲಂಡನ್ನಿನಿಂದ ಭಾರತಕ್ಕೆ ಹಾರಿ ಬಂದಿದ್ದವರು. 2005ರ ನವೆಂಬರ್ 26ರಂದು ಮುಂಬೈನಿಂದ ಇಪ್ಪತ್ತಕ್ಕೂ ಹೆಚ್ಚು ಮಹಡಿಯಷ್ಟು ಎತ್ತರದ ಬಲೂನಿನಲ್ಲಿ ಎದ್ದು 21 ಕಿಲೋಮೀಟರಿಗೂ ಮೇಲೆ ಹೋದರು. ಉಸಿರಾಡಲು ಗಾಳಿ ಸಾಲದ ಜಾಗ ಅದು, ಅದಕ್ಕೆ ಬುಟ್ಟಿಯ ಬದಲು ಮುಚ್ಚಿದ ಕೋಣೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಪೆರ್ ಲಿಂಡ್‌ಸ್ಟ್ರಾಂಡ್ 1988ರಲ್ಲಿ ಮಾಡಿದ್ದ ಸುಮಾರು 65 ಸಾವಿರ ಅಡಿಯ ದಾಖಲೆ ಮುರಿಯಿತು. ಅಷ್ಟೆಲ್ಲ ಮೇಲೆ ಹೋದ ಬಲೂನು ಕೊನೆಗೆ ಇಳಿದದ್ದು ಪಾಂಚಾಳೆ ಎಂಬ ಮರಾಠಿ ಹಳ್ಳಿಯಲ್ಲಿ.

ಆದರೆ ನಮಗೆ ಹೆಚ್ಚು ಹತ್ತಿರದವರು ಅನ್ನಿಸಿದ್ದು ಬ್ರಯಾನ್ ಜೋನ್ಸ್. 1999ರ ಮಾರ್ಚ್‌ನಲ್ಲಿ ಬಲೂನು ಮೊದಲ ಸಲ ಎಲ್ಲೂ ನಿಲ್ಲದೆ ಭೂಮಿ ಸುತ್ತಿತು. ಬಿಸಿಗಾಳಿ ಮತ್ತು ಹೀಲಿಯಂ ಎರಡನ್ನೂ ಬಳಸಿದ ಬಲೂನು, ಸ್ವಿಟ್ಜರ್ಲೆಂಡಿನಿಂದ ಹೊರಟು ಸುಮಾರು 20 ದಿನಕ್ಕೆ ಈಜಿಪ್ಟಿನ ಮರಳಿನಲ್ಲಿ ಇಳಿಯಿತು. ಒಳಗಿದ್ದವರು ಇಬ್ಬರು. ಒಬ್ಬರು ಬರ್ಟ್ರಾಂಡ್ ಪಿಕಾರ್, ಮನೋವೈದ್ಯರು. ಅವರ ಅಜ್ಜ ಓಗಸ್ಟ್ ಪಿಕಾರ್ 1931ರಲ್ಲೇ ಬಲೂನಿನಲ್ಲಿ ವಾಯುಮಂಡಲದ ಮೇಲ್ಪದರಕ್ಕೆ ಹೋಗಿ ಬಂದವರು, ಚಿಕ್ಕಂದಿನಲ್ಲಿ ಮೊಮ್ಮಗ ಅಮೆರಿಕದಲ್ಲಿ ಅಪೊಲೊ ರಾಕೆಟ್ ಏರುವುದನ್ನು ಕಣ್ಣಾರೆ ನೋಡಿದ್ದ. ಅವರಿಗೆ ಆಕಾಶ ಮನೆಯ ಆಸ್ತಿ ಇದ್ದಹಾಗೆ. ಇನ್ನೊಬ್ಬರು ಜೋನ್ಸ್. ಬ್ರಿಟಿಷ್ ವಾಯುಪಡೆಯಲ್ಲಿ ದುಡಿದು, ಬಲೂನು ಕಲಿಸುವ ಮೇಷ್ಟರಾಗಿದ್ದವರು. ಈ ಯಾನದಲ್ಲಿ ಅವರದು ಕೆಳಗೆ ನಿಂತು ಎಲ್ಲ ಹೊಂದಿಸುವ ಕೆಲಸ, ಮೀಸಲು ಪೈಲಟ್ ಅಷ್ಟೇ. ಹೋಗಬೇಕಾಗಿದ್ದವರು ಹಿಂದೆ ಸರಿದರು, ಇವರು ಹತ್ತಿದರು. ನಮ್ಮ ಚಹಾದಂಗಡಿಯ ಜೀಪ್ ಡ್ರೈವರ್ ಕಥೆಯೂ ಇದೇ ಅಲ್ಲವೇ?

ಇನ್ನು ಆ ದಿನದ ಕರೆಂಟ್ ಲೈನಿನ ಮಾತಿಗೆ ಬರೋಣ. 2016ರ ಜುಲೈ 30ರಂದು ಟೆಕ್ಸಾಸ್‌ನ ಲಾಕ್‌ಹಾರ್ಟ್ ಬಳಿ ಒಂದು ಬಲೂನು ಹೈಟೆನ್ಷನ್ ಲೈನಿಗೆ ತಗುಲಿ ಪೈಲಟ್ ಸೇರಿ 16 ಜನ ಸತ್ತರು. ಮುಂಜಾನೆ ಮಂಜು, ತಗ್ಗಿನ ಮೋಡ ಇತ್ತು. ಹಾರಬಾರದಿತ್ತು, ಹಾರಿದರು. ಆ ಪೈಲಟ್ ಹಿಂದೆ ಕುಡಿದು ಗಾಡಿ ಓಡಿಸಿ ಶಿಕ್ಷೆಯಾಗಿದ್ದವನು. ಬಲೂನು ಪೈಲಟ್‌ಗಳಿಗೆ ವೈದ್ಯಕೀಯ ಸರ್ಟಿಫಿಕೇಟ್ ಬೇಕೆಂಬ ನಿಯಮ ಆಗ ಅಲ್ಲಿ ಇರಲಿಲ್ಲ, ಅಷ್ಟು ಜೀವ ಹೋದ ಮೇಲೆ ಬಂತು. 2013ರಲ್ಲಿ ಈಜಿಪ್ಟಿನ ಲಕ್ಸರ್‌ನಲ್ಲಿ ಇಳಿಯುವ ಹೊತ್ತಿಗೆ ಬೆಂಕಿ ಹತ್ತಿ 19 ಜನ ಸತ್ತದ್ದೂ ಇದೆ.

ಇದನ್ನೆಲ್ಲ ತಿಳಿದ ಮೇಲೆ ನಮ್ಮ ಹಳೆಯ ಎರಡು ಕಾಲಂ ನೋಡಿದರೆ ನಾಚಿಕೆಯಾಗುತ್ತದೆ. ಗಾಳಿ ನೋಡಿ, ಸಾವಿರಾರು ಜನರ ಬೈಗುಳ ನುಂಗಿ, ಇವತ್ತು ಆಗುವುದಿಲ್ಲ ಅಂದ ಮನುಷ್ಯನಿಗೆ ನಾವು ಕಳ್ಳ ಎಂಬ ಪಟ್ಟ ಕಟ್ಟಿದೆವು. ಅವತ್ತು ನಮ್ಮ ಸುದ್ದಿಗೆ ಹೆದರಿ ಮರುದಿನ ಅವರು ಹಾರಿಸಿದ್ದರೆ? ಮರುದಿನ ಗಾಳಿ ಇನ್ನೂ ಕೆಟ್ಟದಾಗಿತ್ತು, ಅವರು ಆಗಲೂ ಹಾರಿಸಲಿಲ್ಲ. ಮೂರನೇ ದಿನ ಹಾರಿಸಿದರು, ಅದೂ ನಾಲ್ಕು ಕಡೆ ಹಗ್ಗ ಕಟ್ಟಿ, ಅರ್ಧ ಗಂಟೆ. ಅಂದು ನೋಡಲು ಬಂದವರು ಬೆರಳೆಣಿಕೆ ಜನ.

ಅದಕ್ಕೆ ನಮ್ಮದು ಕೆಲವು ಮಾತು. ಉತ್ಸವ ಮಾಡುವವರು ಬ್ಯಾನರ್‌ನಲ್ಲಿ ಗಾಳಿ ಇದ್ದಂತೆ ಹಾರಾಟ ಎಂದು ದೊಡ್ಡಕ್ಷರದಲ್ಲಿ ಹಾಕಿಸಲಿ. ಹಾರದ ದಿನಕ್ಕೂ ಪೈಲಟ್‌ಗೆ ಕೂಲಿ ಕೊಡುವ ಕರಾರು ಇರಲಿ. ಹಾರಿದರೆ ಮಾತ್ರ ದುಡ್ಡು ಎಂದರೆ ಎಂಥ ಪೈಲಟ್‌ಗೂ ಒಂದಲ್ಲ ಒಂದು ದಿನ ಕೈ ಬರ್ನರ್ ಕಡೆ ಹೋದೀತು. ಬಲೂನು ಇಳಿಯಬಹುದಾದ ಹಳ್ಳಿಗಳಿಗೆ ಹಿಂದಿನ ದಿನವೇ ಡಂಗುರ ಸಾರಲಿ, ವಾಟ್ಸ್ಆ್ಯಪ್ ಇದೆಯಲ್ಲ, ಅದರಲ್ಲಾದರೂ ತಿಳಿಸಲಿ. ಬೆಳೆ ಹಾಳಾದರೆ ಯಾರು ಕೊಡುತ್ತಾರೆ, ಎಷ್ಟು ಕೊಡುತ್ತಾರೆ ಎಂದು ರೈತರಿಗೆ ಮೊದಲೇ ಗೊತ್ತಿರಬೇಕು. ತೊಗರಿ ಹೂ ಬಿಟ್ಟ ಹೊಲಕ್ಕೆ ಬುಟ್ಟಿ ಇಳಿಸಿ, ಸೆಲ್ಫಿ ತೆಗೆದುಕೊಂಡು ಹೋಗುವುದು ಸರಿಯಲ್ಲ. ನಾವೂ ಅಷ್ಟೇ, ಬಲೂನು ಕಂಡ ಕೂಡಲೇ ಬೀಡಿ ಕಚ್ಚಿಕೊಂಡು ಗ್ಯಾಸ್ ಸಿಲಿಂಡರ್ ಹತ್ತಿರ ನುಗ್ಗಬಾರದು.

ಇನ್ನೊಂದು ಇದೆ, ಅದು ನಮಗೆ ಮುಖ್ಯ. ಆ ಮೂರು ದಿನ ಹಗ್ಗ ಹಿಡಿಯಲು, ಬಟ್ಟೆ ಮಡಚಲು ನಮ್ಮ ತಾಲ್ಲೂಕಿನ ಹತ್ತು ಹುಡುಗರನ್ನು ದಿನಗೂಲಿಗೆ ಕರೆದಿದ್ದರು. ಬಲೂನು ಹೋಯಿತು, ಅವರ ಕೆಲಸ ಮುಗಿಯಿತು. ಒಬ್ಬರಿಗೂ ಬರ್ನರ್ ಹೇಗೆ ಉರಿಯುತ್ತದೆ ಎಂದು ಯಾರೂ ತೋರಿಸಲಿಲ್ಲ. ಪ್ರಪಂಚದಲ್ಲಿ ಎಷ್ಟೋ ಬಲೂನು ಪೈಲಟ್‌ಗಳು ಶುರು ಮಾಡಿದ್ದು ಇದೇ ಹಗ್ಗ ಹಿಡಿಯುವ ಕೆಲಸದಿಂದ. ನಮ್ಮ ದೇಶದಲ್ಲಿ ಡಿಜಿಸಿಎ ಬಲೂನು ಪೈಲಟ್‌ಗೆ ಬೇರೆಯೇ ಲೈಸೆನ್ಸ್ ಕೊಡುತ್ತದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಇದಕ್ಕೆ ಹಾಕಿಕೊಟ್ಟ ಕನಿಷ್ಠ ಅನುಭವ 16 ಗಂಟೆಯ ಹಾರಾಟ, ಎಂಟು ಸಲ ಮೇಲೇರುವುದು, ಅದರಲ್ಲಿ ಒಂದು ಸಲ ಒಬ್ಬರೇ. ದುಡ್ಡು ಪಡೆದು ಜನರನ್ನು ಹತ್ತಿಸಿಕೊಳ್ಳಲು ಅದಕ್ಕಿಂತ ಹೆಚ್ಚು ಬೇಕು. ಕಲಿಯುವುದು ಅಗ್ಗವಲ್ಲ, ಅದು ನಿಜ. ಆದರೆ ಪ್ರವಾಸೋದ್ಯಮಕ್ಕೆಂದು ಬಲೂನು ತರಿಸುವ ಪ್ರತಿ ಸಲವೂ ಇಬ್ಬರು ಸ್ಥಳೀಯರಿಗೆ ಸಹಾಯಕರ ತರಬೇತಿ ಕೊಡಬೇಕೆಂದು ಟೆಂಡರಿನಲ್ಲೇ ಒಂದು ಸಾಲು ಬರೆಸಿದರೆ ಖಜಾನೆ ಬರಿದಾಗುವುದಿಲ್ಲ.

ಆ ಮೂರನೇ ದಿನ ಮೈದಾನಕ್ಕೆ ಬಂದಿದ್ದ ಬೆರಳೆಣಿಕೆ ಜನರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. ಅವಳ ಅಪ್ಪ ಮೇದಾರ ಕೆಲಸದವರು, ಬುಟ್ಟಿ ಹೆಣೆಯುತ್ತಾರೆ. ಅವಳು ಬಲೂನು ನೋಡಲಿಲ್ಲ, ಬಗ್ಗಿ ಬುಟ್ಟಿಯ ಹೆಣಿಗೆ ನೋಡುತ್ತಿದ್ದಳು. "ಅಣ್ಣಾರ, ಇಷ್ಟು ದೊಡ್ಡ ಬಲೂನಿಗೆ ಬೆತ್ತದ ಬುಟ್ಟಿ ಯಾಕ? ಕಬ್ಬಿಣದ್ದು ಮಾಡಬಹುದಿತ್ತಲ್ಲ?" ಎಂದು ಕೇಳಿದಳು. ನಮಗೆ ಗೊತ್ತಿರಲಿಲ್ಲ, ಪೈಲಟ್‌ನನ್ನು ಕೇಳಿದೆವು. ಬೆತ್ತ ಹಗುರ, ನೆಲಕ್ಕೆ ತಾಗಿದಾಗ ಬಾಗಿ ಪೆಟ್ಟು ನುಂಗುತ್ತದೆ, ಕಬ್ಬಿಣವಾದರೆ ಪೆಟ್ಟು ಮಂಡಿಗೆ ಬರುತ್ತದೆ ಅಂದರು. ಅವಳು ತಲೆಯಾಡಿಸಿದಳು, ಇದು ನಮ್ಮ ಅಪ್ಪಗೂ ಗೊತ್ತದ ಅನ್ನುವಂತೆ. ಆಮೇಲೆ ಮೆಲ್ಲಗೆ, "ಹೆಣ್ಣುಮಕ್ಕಳು ಇದನ್ನ ಓಡಿಸಬಹುದಾ?" ಅಂದಳು.

ನಾವು ಅವತ್ತು ನಕ್ಕುಬಿಟ್ಟಿದ್ದೆವು. ಸೋಫಿಯ ವಿಷಯ ಆಗ ಓದಿರಲಿಲ್ಲ. ಈಗ ಅವಳು ಪಿಯುಸಿ ಎರಡನೇ ವರ್ಷ, ಸೈನ್ಸ್ ತಗೊಂಡಿದ್ದಾಳೆ. ಈ ಬರಹದ ಲಿಂಕನ್ನು ಮೊದಲು ಅವಳ ಅಪ್ಪನ ಫೋನಿಗೆ ಕಳಿಸುತ್ತಿದ್ದೇವೆ.