ಸರದಿ ಮೀರದ ತಂದೆ ಮತ್ತು ಮಗ

ಮಕ್ಕಳ ಮೇಲಿನ ಪ್ರೀತಿಯನ್ನು ನಾವು ಬಗೆಬಗೆಯಾಗಿ ತೋರಿಸುತ್ತೇವೆ. ಮಗನಿಗೆ ಕಾಲೇಜಿನಲ್ಲಿ ಸೀಟು ಬೇಕಾದಾಗ, ಮಗಳಿಗೆ ಹತ್ತಿರದ ಊರಿಗೆ ವರ್ಗವಾಗಬೇಕಾದಾಗ, ಅಳಿಯನಿಗೊಂದು ನೌಕರಿ ಬೇಕಾದಾಗ ನಮ್ಮ ಮನಸ್ಸು ಮೊದಲು ಹುಡುಕುವುದು ಬಲ್ಲವರನ್ನು, ಬೇಕಾದವರನ್ನು. ಇದಕ್ಕೆ ಜನಸಾಮಾನ್ಯರು ಇಟ್ಟ ಹೆಸರು ವಶೀಲಿ. ವಶೀಲಿ ಹಚ್ಚಲಾಗದ ತಂದೆಯನ್ನು ಕೈಲಾಗದವನೆಂದು ಬಂಧುಗಳು ಹಳಿಯುವುದೂ ಉಂಟು. ಇಂಥ ದಿನಗಳಲ್ಲಿ ನಮ್ಮ ನಾಡಿನವರೇ ಆದ ಒಬ್ಬ ಯುದ್ಧ ವೈಮಾನಿಕರ ಬಾಳನ್ನು ಓದುಗರ ಮುಂದಿಡಬೇಕೆಂದು ನಮಗೆ ಅನಿಸಿತು. ವಶೀಲಿಯಿಂದ ದೊರೆಯಬಹುದಾಗಿದ್ದದ್ದು ಸೀಟೂ ಅಲ್ಲ, ನೌಕರಿಯೂ ಅಲ್ಲ. ಶತ್ರುವಿನ ಸೆರೆಯಿಂದ ಬಿಡುಗಡೆ.

ಕೊಡಗಿನ ಕೊಡಂದೇರ ಮನೆತನದ ನಂದಾ ಕಾರ್ಯಪ್ಪನವರು ಹುಟ್ಟಿದ್ದು 1938ರಲ್ಲಿ. ತಂದೆ ಕೆ. ಎಂ. ಕಾರ್ಯಪ್ಪನವರ ಹೆಸರನ್ನು ಕೇಳದ ಕನ್ನಡಿಗರು ವಿರಳ. 1949ರ ಜನವರಿ 15ರಂದು ಜನರಲ್ ಸರ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು, ಭಾರತದ ಭೂಸೇನೆಗೆ ಪ್ರಥಮ ಭಾರತೀಯ ಮಹಾದಂಡನಾಯಕರಾದವರು ಅವರು. ಆ ದಿನವನ್ನೇ ದೇಶವು ಪ್ರತಿವರ್ಷ ಸೇನಾ ದಿನವೆಂದು ಆಚರಿಸುತ್ತದೆ. ಅವರಿಗೆ ಇಬ್ಬರು ಮಕ್ಕಳು: ಒಬ್ಬ ಮಗ, ಒಬ್ಬ ಮಗಳು.

ಇಂಥ ಮನೆಯಲ್ಲಿ ಬೆಳೆದ ಮಕ್ಕಳಿಗೆ ಯಾವ ಕೊರತೆಯೂ ಇರಲಿಲ್ಲವೆಂದು ಯಾರಾದರೂ ಊಹಿಸಬಹುದು. ಆದರೆ ನಂದಾ ಅವರು ತಮ್ಮ ಬಾಲ್ಯವನ್ನು ನೆನೆಯುತ್ತ ಹೇಳಿರುವ ಒಂದು ಸಂಗತಿಯನ್ನು ಗಮನಿಸಬೇಕು. ತಂದೆಯವರು ದೆಹಲಿಯಲ್ಲಿದ್ದಾಗ ಮಕ್ಕಳು ಶಾಲೆಗೆ ಹೋಗುತ್ತಿದ್ದದ್ದು ಸೈನ್ಯದ ಲಾರಿಯಲ್ಲಿ. ಒಂದು ದಿನ ಆ ಲಾರಿ ಬರಲಿಲ್ಲ. ಮನೆಯಲ್ಲಿದ್ದ ಎ.ಡಿ.ಸಿ. ಅಧಿಕಾರಿ ಮಕ್ಕಳನ್ನು ಸರ್ಕಾರಿ ಕಾರಿನಲ್ಲಿ ಕರೆದೊಯ್ದರು. ವಿಷಯ ತಿಳಿದಾಗ ತಂದೆ ಸಂತೋಷಪಡಲಿಲ್ಲ. ಅಧಿಕಾರಿಗೆ ಛೀಮಾರಿ ಹಾಕಿ, ಆ ಪ್ರಯಾಣದ ವೆಚ್ಚಕ್ಕೆ ಬಿಲ್ಲು ಮಾಡಿಸಿ, ಹಣವನ್ನು ತಮ್ಮ ಸ್ವಂತ ಲೆಕ್ಕದಿಂದ ಕಟ್ಟಿಸಿದರು. ನೋಡುವವರಿಗೆ ಇದು ಅತಿಯೆನಿಸೀತು. ಆದರೆ ತಂದೆಯ ಪದವಿ ತನ್ನ ಪದವಿಯಲ್ಲ ಎಂಬ ಪಾಠವನ್ನು ಆ ಬಾಲಕ ಅಂದೇ ಕಲಿತನು. ಮುಂದೆ ಆ ಪಾಠದ ಪರೀಕ್ಷೆ ಬಹಳ ಕಠಿಣವಾಗಿಯೇ ಬಂದಿತು.

ಬೆಳೆದ ಮಗ ತಂದೆಯ ಭೂಸೇನೆಯನ್ನು ಬಿಟ್ಟು ವಾಯುಸೇನೆಯನ್ನು ಆರಿಸಿಕೊಂಡರು. 1965ರ ಯುದ್ಧದ ಹೊತ್ತಿಗೆ ಅವರು 20ನೆಯ ಸ್ಕ್ವಾಡ್ರನ್ನಿನಲ್ಲಿ ಹಂಟರ್ ವಿಮಾನದ ವೈಮಾನಿಕರು. ಬ್ರಿಟನ್ನಿನಲ್ಲಿ ತಯಾರಾದ ಈ ವಿಮಾನ ಏಕಾಸನದ್ದು. ಮೂತಿಯಲ್ಲಿ ನಾಲ್ಕು ಫಿರಂಗಿಗಳು, ರೆಕ್ಕೆಗಳ ಕೆಳಗೆ ರಾಕೆಟ್ಟುಗಳು. ಶತ್ರುವಿನ ಟ್ಯಾಂಕು, ಲಾರಿ, ಫಿರಂಗಿಗಳ ಮೇಲೆ ಎರಗಬೇಕಾದರೆ ವೈಮಾನಿಕನು ನೆಲಕ್ಕೆ ತೀರ ಸಮೀಪಕ್ಕೆ ಇಳಿಯಲೇಬೇಕು. ಆಗ ನೆಲದಿಂದ ಹಾರುವ ಗುಂಡುಗಳಿಗೂ ಅವನಿಗೂ ನಡುವೆ ಮರೆಯೆಂಬುದೇ ಇರುವುದಿಲ್ಲ.

ಸೆಪ್ಟೆಂಬರ್ 22ರಂದು ಯುದ್ಧ ಮುಗಿಯುವ ಸೂಚನೆ ಬಂದಾಗಿತ್ತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯದಂತೆ ಮರುದಿನ ಬೆಳಗಿನ ಜಾವದಿಂದ ಕದನವಿರಾಮ ಜಾರಿಗೆ ಬರಲಿತ್ತು. ಅಂದೇ ನಂದಾ ಅವರ ಹಂಟರ್ ಗಡಿಯಾಚೆ ನೆಲದಿಂದ ಬಂದ ಗುಂಡುಗಳಿಗೆ ಸಿಕ್ಕಿ ಉರಿಯತೊಡಗಿತು. ಅವರು ಹೊರಚಿಮ್ಮುವ ಆಸನದ ಹಿಡಿಯನ್ನು ಎಳೆದರು. ಈ ಆಸನವು ಸಿಡಿಮದ್ದಿನ ಬಲದಿಂದ ವೈಮಾನಿಕನನ್ನು ಕ್ಷಣಾರ್ಧದಲ್ಲಿ ವಿಮಾನದಿಂದ ಹೊರಗೆಸೆಯುತ್ತದೆ. ಪ್ರಾಣ ಉಳಿಸುತ್ತದೆ, ಆದರೆ ಆ ಏಟನ್ನು ಬೆನ್ನುಮೂಳೆ ತಾಳಬೇಕಾಗುತ್ತದೆ. ನಂದಾ ಅವರು ಬೆನ್ನಿಗೆ ಬಲವಾದ ಪೆಟ್ಟಾಗಿ, ಎದ್ದು ನಡೆಯಲಾರದ ಸ್ಥಿತಿಯಲ್ಲಿ ಪಾಕಿಸ್ತಾನದ ಸೈನಿಕರ ಕೈಗೆ ಸಿಕ್ಕಿದರು. ಆಗ ಅವರ ವಯಸ್ಸು 27. ಇನ್ನು ಕೆಲವೇ ಗಂಟೆ ಕಳೆದಿದ್ದರೆ ಅವರು ಹಾರಬೇಕಾದ ಅಗತ್ಯವೇ ಇರುತ್ತಿರಲಿಲ್ಲ.

ಯುದ್ಧಕೈದಿಗಳನ್ನು ನಡೆಸಿಕೊಳ್ಳುವ ಬಗೆಯನ್ನು 1949ರ ಜಿನೀವಾ ಒಪ್ಪಂದವು ವಿವರವಾಗಿ ಗೊತ್ತುಪಡಿಸಿದೆ. ಸೆರೆಸಿಕ್ಕವನು ಹೇಳಬೇಕಾದದ್ದು ತನ್ನ ಹೆಸರು, ಹುದ್ದೆ, ಜನ್ಮದಿನಾಂಕ ಮತ್ತು ಸೇವಾಸಂಖ್ಯೆ, ಇಷ್ಟನ್ನೇ. ಹೆಚ್ಚಿನ ಮಾಹಿತಿಗಾಗಿ ಅವನನ್ನು ಹಿಂಸಿಸುವಂತಿಲ್ಲ. ಶಿಬಿರ ಸೇರಿದ ಒಂದು ವಾರದೊಳಗೆ ಮನೆಗೆ ಒಂದು ಕಾರ್ಡು ಬರೆಯಲು ಅವಕಾಶ ಕೊಡಬೇಕು. ಹುದ್ದೆ, ವಯಸ್ಸು, ಆರೋಗ್ಯಗಳನ್ನು ಲಕ್ಷಿಸಬಹುದೇ ಹೊರತು ಮಿಕ್ಕಂತೆ ಎಲ್ಲ ಕೈದಿಗಳನ್ನೂ ಸಮಾನವಾಗಿ ಕಾಣಬೇಕು. ಕಾದಾಟ ನಿಂತಮೇಲೆ ವಿಳಂಬವಿಲ್ಲದೆ ಬಿಟ್ಟು ಕಳುಹಿಸಬೇಕು. ಕಾಗದದ ಮೇಲಿನ ಈ ಮಾತುಗಳು ಆಚರಣೆಯಲ್ಲಿ ಎಷ್ಟೋ ಸಲ ಮುರಿದುಬಿದ್ದಿವೆ. ಆದರೂ ಸೆರೆಯಲ್ಲಿರುವವನಿಗೆ ಅವೇ ಊರುಗೋಲು. ನಂದಾ ಅವರೂ ನಿಯಮದಂತೆ ಹೆಸರು, ಹುದ್ದೆ, ಸಂಖ್ಯೆಗಳನ್ನಷ್ಟೇ ಹೇಳಿದರು. ತಾನು ಯಾರ ಮಗನೆಂಬುದನ್ನು ತಾನಾಗಿ ಹೇಳಿಕೊಳ್ಳಲಿಲ್ಲ.

ಆದರೆ ಹೆಸರೇ ಗುಟ್ಟನ್ನು ಬಿಟ್ಟುಕೊಟ್ಟಿತು. ಕಾರ್ಯಪ್ಪ ಎಂಬ ಹೆಸರು ಪಾಕಿಸ್ತಾನದ ಹಿರಿಯ ಸೇನಾಧಿಕಾರಿಗಳಿಗೆ ಅಪರಿಚಿತವೇನಲ್ಲ. ದೇಶ ಇಬ್ಭಾಗವಾಗುವ ಮುನ್ನ ಎರಡೂ ಕಡೆಯವರು ಒಂದೇ ಸೈನ್ಯದಲ್ಲಿದ್ದವರು. ಅಂದು ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ಹಿಂದೆ ವಾಯವ್ಯ ಗಡಿನಾಡಿನಲ್ಲಿ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದವರು. ನಂದಾ ಸೆರೆಯಾದ ಸುದ್ದಿಯನ್ನು ಪಾಕಿಸ್ತಾನದ ರೇಡಿಯೋ ಬಿತ್ತರಿಸಿತು. ಮಗ ಕ್ಷೇಮವಾಗಿದ್ದಾನೆಂಬ ಅಯೂಬರ ಸಂದೇಶ ದೆಹಲಿಯಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಮೂಲಕ ತಂದೆಗೆ ತಲುಪಿತು. ಬಯಸಿದರೆ ಮಗನನ್ನು ಕೂಡಲೆ ಹಿಂದಿರುಗಿಸುವ ಕೊಡುಗೆಯೂ ಆ ಸಂದೇಶದೊಡನೆ ಬಂದಿತೆಂದು ಅಂದಿನ ಪತ್ರಿಕೆಗಳು ವರದಿಮಾಡಿದವು.

ನಿವೃತ್ತರಾಗಿ ಮಡಿಕೇರಿಯ ತಮ್ಮ ‘ರೋಷನಾರಾ’ ಮನೆಯಲ್ಲಿದ್ದ ಆ ತಂದೆಯ ಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಬೇಕು. ಇರುವವನು ಒಬ್ಬನೇ ಮಗ. ಬೆನ್ನು ಮುರಿದುಕೊಂಡು ಶತ್ರುವಿನ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಒಂದು ಮಾತು ಹೇಳಿದರೆ ಸಾಕು, ಮನೆಗೆ ಬರಬಹುದು. ಕಾರ್ಯಪ್ಪನವರು ಸಂದೇಶಕ್ಕಾಗಿ ವಂದನೆ ತಿಳಿಸಿ, ಸೆರೆಯಲ್ಲಿರುವ ಭಾರತದ ಯೋಧರೆಲ್ಲರೂ ತಮ್ಮ ಮಕ್ಕಳೇ, ಅವರೆಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಬೇಕು, ತಮ್ಮ ಮಗನಿಗೆ ವಿಶೇಷ ಉಪಚಾರ ಬೇಡ ಎಂಬರ್ಥದ ಉತ್ತರವಿತ್ತರೆಂಬುದು ಮನೆಮಾತಾಗಿದೆ. ಬಾಯಿಂದ ಬಾಯಿಗೆ ದಾಟುತ್ತ ಈ ಉತ್ತರ ಹಲವು ರೂಪಗಳನ್ನು ತಾಳಿದೆ. ಮಾತಿನ ರೂಪ ಯಾವುದೇ ಇರಲಿ, ನಡೆದದ್ದು ಮಾತ್ರ ಸ್ಪಷ್ಟ. ಕದನ ನಿಂತಮೇಲೂ ನಾಲ್ಕು ತಿಂಗಳ ಕಾಲ ಜನರಲ್ಲರ ಮಗ ಸೆರೆಯಲ್ಲಿಯೇ ಇದ್ದರು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ನೋವು ಮಗನದು, ಸೆರೆ ಮಗನದು. ಬಿಡುಗಡೆ ಬೇಡವೆನ್ನಲು ತಂದೆಗೆ ಎಲ್ಲಿಯ ಅಧಿಕಾರ? ಬೇರೊಬ್ಬರ ಸಂಕಟದ ಮೇಲೆ ತಾವು ಆದರ್ಶವಾದಿಗಳಾಗುವುದು ಸುಲಭವಲ್ಲವೆ? ಈ ಪ್ರಶ್ನೆಯನ್ನು ನಾವು ತಳ್ಳಿಹಾಕಲಾರೆವು. ಆದರೆ ಮಗ ಸೆರೆಸಿಕ್ಕ ಗಳಿಗೆಯಲ್ಲಿ ನಡೆದುಕೊಂಡ ರೀತಿಯಲ್ಲಿಯೇ ಇದಕ್ಕೆ ಉತ್ತರವಿದೆಯೆಂದು ನಮಗೆ ತೋರುತ್ತದೆ. ತಂದೆಯ ಹೆಸರು ಹೇಳಿ ಅನುಕೂಲ ಪಡೆಯುವ ದಾರಿ ಮಗನ ಮುಂದೆ ಮೊದಲೇ ತೆರೆದಿತ್ತು. ಅವರು ಆ ದಾರಿಯಲ್ಲಿ ಹೆಜ್ಜೆಯಿಡಲಿಲ್ಲ. ಒಬ್ಬರನ್ನೊಬ್ಬರು ಕೇಳದೆ, ಗಡಿಯ ಎರಡು ಕಡೆಗಳಲ್ಲಿದ್ದು, ತಂದೆಮಕ್ಕಳಿಬ್ಬರೂ ಒಂದೇ ತೀರ್ಮಾನಕ್ಕೆ ಬಂದರು. ಮನೆಯಲ್ಲಿ ಬಹುಕಾಲದಿಂದ ನಡೆದುಬಂದ ನಡೆಯಿಂದಲ್ಲದೆ ಇಂಥ ಒಮ್ಮತ ಹುಟ್ಟಲಾರದು.

ಶತ್ರುವಿನ ಕಡೆಯಿಂದಲೂ ಸೌಜನ್ಯ ಕಂಡುಬಂದಿತೆಂಬುದನ್ನು ಇಲ್ಲಿ ಹೇಳಲೇಬೇಕು. ಅಯೂಬರ ಪತ್ನಿ ಮತ್ತು ಹಿರಿಯ ಮಗ ಅಖ್ತರ್ ಅಯೂಬರು ನಂದಾ ಅವರನ್ನು ಕಂಡು ಒಂದು ಪೆಟ್ಟಿಗೆ ಸಿಗರೇಟು ಮತ್ತು ಇಂಗ್ಲಿಷ್ ಹಾಸ್ಯಲೇಖಕ ವುಡ್‌ಹೌಸರ ಒಂದು ಕಾದಂಬರಿಯನ್ನು ಕೊಟ್ಟರು. ಹಳೆಯ ಮೇಲಧಿಕಾರಿಯ ಮಗನಿಗೆ ಸಲ್ಲಿಸಿದ ಗೌರವವಿದು. ಯುದ್ಧದ ನಡುವೆಯೂ ಮನುಷ್ಯತ್ವ ಸಂಪೂರ್ಣವಾಗಿ ನಂದಿರಲಿಲ್ಲ.

ಮೂರು ವರ್ಷಗಳ ತರುವಾಯ ದೂರದ ವಿಯೆಟ್ನಾಮಿನಲ್ಲಿಯೂ ಇಂಥದೇ ಒಂದು ಸಂಗತಿ ನಡೆಯಿತು. ಅಮೆರಿಕದ ನೌಕಾಸೇನೆಯ ವೈಮಾನಿಕ ಜಾನ್ ಮೆಕೇನರು 1967ರ ಅಕ್ಟೋಬರಿನಲ್ಲಿ ಹನೋಯಿ ನಗರದ ಮೇಲೆ ಹಾರುತ್ತಿದ್ದಾಗ ವಿಮಾನ ಉರುಳಿ, ಎರಡೂ ತೋಳು ಮತ್ತು ಒಂದು ಕಾಲು ಮುರಿದು ಸೆರೆಯಾದರು. ಅವರ ತಂದೆ ನೌಕಾಸೇನೆಯ ಅಡ್ಮಿರಲ್. 1968ರಲ್ಲಿ ಶಾಂತಸಾಗರ ವಲಯದ ಅಮೆರಿಕದ ಸೇನೆಗಳ ಅಧಿಪತಿಯಾದರು. ಆ ವರ್ಷವೇ ಸೆರೆಹಿಡಿದವರು ಮಗನಿಗೆ ಬೇಗನೆ ಬಿಡುಗಡೆ ಮಾಡುವೆವೆಂದರು. ತನಗಿಂತ ಮೊದಲು ಸೆರೆಬಂದವರು ಮೊದಲು ಹೋಗಬೇಕೆಂದು ಮೆಕೇನರು ಒಪ್ಪಲಿಲ್ಲ. ಅದರ ಬೆಲೆಯನ್ನು ಚಿತ್ರಹಿಂಸೆಯ ರೂಪದಲ್ಲಿ ತೆತ್ತು, 1973ರ ಮಾರ್ಚಿನಲ್ಲಿ ಹೊರಬಂದರು. ಇಂಥ ಕೊಡುಗೆಗಳಲ್ಲಿ ಒಂದು ಕೊಕ್ಕೆ ಇದ್ದೇ ಇರುತ್ತದೆ. ದೊಡ್ಡವರ ಮಗ ಮೊದಲು ಮನೆ ಸೇರಿದರೆ, ಉಳಿದ ಸೆರೆಯಾಳುಗಳಿಗೆ ತಾವು ಯಾರಿಗೂ ಬೇಡವಾದವರೆಂಬ ಭಾವನೆ ಮೂಡುತ್ತದೆ; ಅವರ ಕಟ್ಟು ಒಡೆಯುತ್ತದೆ.

ತಾಷ್ಕೆಂಟಿನಲ್ಲಿ 1966ರ ಜನವರಿ 10ರಂದು ಉಭಯ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಕೈದಿಗಳ ವಿನಿಮಯವೂ ಅದರಲ್ಲಿ ಸೇರಿತ್ತು. ಅದೇ ತಿಂಗಳು ನಂದಾ ಅವರು ಇತರ ಸೆರೆಯಾಳುಗಳೊಡನೆ ತಾಯ್ನಾಡಿಗೆ ಮರಳಿದರು. ಬೆನ್ನಿನ ಗಾಯ ಮಾಗಿದ ಮೇಲೆ ಮತ್ತೆ ಸೇವೆಗೆ ನಿಂತು, ಮೆಟ್ಟಿಲು ಮೆಟ್ಟಿಲಾಗಿ ಏರಿ ಏರ್ ಮಾರ್ಷಲ್ ಪದವಿಯನ್ನು ಪಡೆದರು. ತಂದೆಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಗೌರವ ದೊರೆಯಿತು. 1993ರ ಮೇ 15ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ನಿವೃತ್ತಿಯ ನಂತರ ನಂದಾ ಅವರು ಮಡಿಕೇರಿಯ ಅದೇ ಮನೆಗೆ ಹಿಂದಿರುಗಿ, ತಂದೆಯ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು.

ಎಲ್ಲ ಮನೆಗಳ ಕಥೆಯೂ ಹೀಗೆ ಸುಖಾಂತವಾಗಲಿಲ್ಲ. 1971ರ ಯುದ್ಧದಲ್ಲಿ ಕಾಣೆಯಾಗಿ, ಪಾಕಿಸ್ತಾನದ ಸೆರೆಯಲ್ಲಿರಬಹುದೆಂದು ನಂಬಲಾದ 54 ಯೋಧರ ಪಟ್ಟಿಯೊಂದಿದೆ. ಅವರಲ್ಲಿ ಹಲವರು ವೈಮಾನಿಕರು. ತನ್ನಲ್ಲಿ ಅಂಥವರಾರೂ ಇಲ್ಲವೆಂದು ಪಾಕಿಸ್ತಾನ ಹೇಳುತ್ತ ಬಂದಿದೆ. 2007ರಲ್ಲಿ ಕೆಲವು ಬಂಧುಗಳು ಅಲ್ಲಿನ ಸೆರೆಮನೆಗಳಿಗೆ ಹೋಗಿ ಹುಡುಕಿದರು. ತಮ್ಮವರು ಕಾಣದೆ ಬರಿಗೈಯಲ್ಲಿ ಮರಳಿದರು. 2019ರಲ್ಲಿ ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನರು ಸೆರೆಯಾದಾಗ ಮೂರನೆಯ ದಿನವೇ ಗಡಿ ದಾಟಿ ಬಂದುದನ್ನು ದೇಶವೆಲ್ಲ ದೂರದರ್ಶನದಲ್ಲಿ ಕಂಡು ಹರ್ಷಿಸಿತು. ಆ ದಿನ ಈ 54 ಮನೆಗಳ ಹಿರಿಯರ ಎದೆಯಲ್ಲಿ ಏನು ನಡೆದಿರಬಹುದು? ಕಾಯುವವರು ಸಾಮಾನ್ಯರಾಗಿದ್ದಾಗ ಅವರ ಪರವಾಗಿ ಮಾತನಾಡುವವರು ಬೇಕು. ಎಲ್ಲರೂ ನನ್ನ ಮಕ್ಕಳೇ ಎಂದು ತಂದೆ ಕಾರ್ಯಪ್ಪನವರು ಕೊಟ್ಟ ಉತ್ತರದ ತೂಕ ನಮಗೆ ತಿಳಿಯುವುದು ಇಂಥ ಮನೆಗಳನ್ನು ನೆನೆದಾಗ.

ನಮ್ಮ ಮಕ್ಕಳಿಗೆ ಇಷ್ಟು ದೊಡ್ಡ ಪರೀಕ್ಷೆ ಬರದಿರಲಿ. ಆದರೆ ಸಣ್ಣ ಪರೀಕ್ಷೆಗಳು ದಿನವೂ ಬರುತ್ತವೆ. ಆಸ್ಪತ್ರೆಯ ಸಾಲಿನಲ್ಲಿ, ಕಾಲೇಜಿನ ಪ್ರವೇಶದಲ್ಲಿ, ಕಛೇರಿಯ ಕಿಟಕಿಯ ಮುಂದೆ, ಬಲ್ಲವರ ಹೆಸರು ಹೇಳಿ ನಾವು ಒಂದು ಹೆಜ್ಜೆ ಮುಂದೆ ಸರಿದರೆ ಯಾರೋ ಒಬ್ಬರ ಮಗ, ಯಾರೋ ಒಬ್ಬರ ಮಗಳು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವರ ಮುಖ ನಮಗೆ ಕಾಣುವುದಿಲ್ಲ, ಅಷ್ಟೆ. ಆದರೆ ನಾವು ಮಾಡಿದ್ದನ್ನು ಪಕ್ಕದಲ್ಲಿ ನಿಂತ ನಮ್ಮ ಮಕ್ಕಳು ನೋಡುತ್ತಿರುತ್ತಾರೆ. ನಾಳೆ ಅವರು ಯಾವ ಹೆಸರನ್ನು ಮುಂದಿಟ್ಟು ಬಾಳುವರೆಂಬುದನ್ನು ಅಲ್ಲಿಯೇ ಕಲಿಯುತ್ತಾರೆ. ಸರ್ಕಾರಿ ಕಾರಿನ ಒಂದು ದಿನದ ಬಿಲ್ಲನ್ನು ಕಟ್ಟಿದ ಮನೆಯೊಂದು ಮುಂದೆ ಎಂಥ ಮಗನನ್ನು ದೇಶಕ್ಕೆ ಕೊಟ್ಟಿತೆಂಬುದನ್ನು ತಾಯಿತಂದೆಯರು ಒಮ್ಮೆ ಮಕ್ಕಳೊಡನೆ ಕುಳಿತು ಮಾತನಾಡಲಿ ಎಂಬುದು ನಮ್ಮ ಬಯಕೆ.