ಗಡಿಯ ದಂಪತಿಗೂ ಒಂದು ದಿನದ ಬಿಡುವು ಬೇಡವೇ?

ಗಡಿಭಾಗ ಎಂದರೆ ಪತ್ರಿಕೆಗಳಲ್ಲಿ ಕಾಣುವುದು ಮೂರೇ ಸಂಗತಿ: ಗಡಿ ತಂಟೆ, ನದಿ ನೀರು, ಕಬ್ಬಿನ ದರ. ಅವು ಮಹತ್ವದ ವಿಷಯಗಳೇ, ಅಲ್ಲವೆನ್ನುವವರಾರು? ಆದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಕನ್ನಡ ಮನೆಗಳ ಜನ ವರ್ಷವಿಡೀ ಮೋರ್ಚಾದಲ್ಲೇ ಇರುವುದಿಲ್ಲ. ಅವರೂ ಮದುವೆಯಾಗುತ್ತಾರೆ, ಸಂಸಾರ ಹೂಡುತ್ತಾರೆ, ಮಳೆ ಬಿದ್ದರೆ ಹಿಗ್ಗುತ್ತಾರೆ. ಈ ಸಣ್ಣ ಸುಖದ ಬಗ್ಗೆ ಬರೆಯಲು ನಮಗೇಕೋ ಸಂಕೋಚ. ಆ ಸಂಕೋಚ ಬದಿಗಿಟ್ಟು ಒಂದು ಮಾತು ಹೇಳುತ್ತೇನೆ. ನಮ್ಮ ಕಡೆಯ ಗಂಡ-ಹೆಂಡತಿ ಮಳೆಗಾಲಕ್ಕೊಮ್ಮೆ, ಚಳಿಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ, ಹೀಗೆ ವರ್ಷಕ್ಕೆ ಮೂರು ದಿನವಾದರೂ ಇಬ್ಬರೇ ಹೊರಗೆ ಹೋಗಿ ಬರಬೇಕು. ಇದನ್ನು ಚೈನಿ ಎಂದು ತಳ್ಳಿಹಾಕಬಾರದು.

“ಏನ್ರೀ ಇದು, ಜೋಡೀಲೆ ತಿರಗೂದು ಸಿನಿಮಾದವರ ಕೆಲಸ” ಎಂದು ಹಿರಿಯರು ನಗಬಹುದು. ಮದುವೆಯಾದ ಹೊಸದರಲ್ಲಿ ಜ್ಯೋತಿಬಾ, ಅಂಬಾಬಾಯಿ, ನರಸೋಬಾವಾಡಿ ಎಂದು ದೇವರ ದರ್ಶನ ಆಗುತ್ತದೆ, ನಿಜ. ಆದರೆ ಒಂದು ಟೆಂಪೋದಲ್ಲಿ ಹದಿನೈದು ಮಂದಿ. ಹೊಸ ಮದುಮಗಳು ಬುತ್ತಿ ಗಂಟು ಕಾಯುತ್ತ ಹಿಂದೆ, ಮದುಮಗ ಡ್ರೈವರನ ಬಾಜೂಕ ಮುಂದೆ! ಅದು ಮುಗಿದ ಮೇಲೆ ಕೂಸು, ದನ, ಹೊಲ, ಹಬ್ಬ. ಇಚಲಕರಂಜಿಯ ಮಗ್ಗದ ಮನೆಗಳಲ್ಲಂತೂ ಗಂಡ ಹನ್ನೆರಡು ತಾಸಿನ ಪಾಳಿ ಮುಗಿಸಿ ಬರುವ ಹೊತ್ತಿಗೆ ಹೆಂಡತಿ ಕೆಲಸಕ್ಕೆ ಹೊರಟಿರುತ್ತಾಳೆ. ಒಂದೇ ಮನೆಯಲ್ಲಿದ್ದು ವಾರಗಟ್ಟಲೆ ಎರಡು ಮಾತು ನೆಟ್ಟಗೆ ಆಡದ ಜೋಡಿಗಳನ್ನು ನಾನು ಕಂಡಿದ್ದೇನೆ. ಇಂಥವರಿಗೆ “ಮಂದಿ ಏನಂದಾರು” ಎಂಬ ಅಂಜಿಕೆ ಬೇರೆ.

ರೊಕ್ಕ ಎಲ್ಲಿಂದ ತರಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಮಹಾಬಳೇಶ್ವರ, ಗೋವಾ ಎಂದರೆ ಸಾಲ ಮಾಡಬೇಕಾದೀತು. ಆದರೆ ನಮ್ಮ ಸುತ್ತಮುತ್ತ ಇರುವುದು ಕಡಿಮೆಯೇ? ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ 2023ರ ಮಾರ್ಚ್‌ನಿಂದ ಹೆಂಗಸರಿಗೆ ಅರ್ಧ ಟಿಕೇಟು. ರೊಟ್ಟಿ, ಮುಳಗಾಯಿ ಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಊಟದ ಖರ್ಚೂ ಇಲ್ಲ. ಆ ಬುತ್ತಿಯನ್ನು ಒಂದು ದಿನದ ಮಟ್ಟಿಗೆ ಅತ್ತೆಯೋ ನಾದಿನಿಯೋ ಕಟ್ಟಿಕೊಟ್ಟರೆ ಇನ್ನೂ ಛಲೋ.

ಮಳೆಗಾಲಕ್ಕೆ ಆಂಬೋಲಿ. ಗಡಹಿಂಗ್ಲಜದವರಿಗೆ ಇದು ತವರಿನ ದಾರಿ ಇದ್ದಂತೆ. ನಮ್ಮ ಹಿರಣ್ಯಕೇಶಿ ಹುಟ್ಟುವುದು ಅಲ್ಲಿಯ ಗುಹೆಯಲ್ಲಿ. ಆಜರಾ, ಗಡಹಿಂಗ್ಲಜ ಹಾಯ್ದು ಸಂಕೇಶ್ವರಕ್ಕೆ ಬಂದು, ಮುಂದೆ ಘಟಪ್ರಭೆಯನ್ನು ಕೂಡಿ, ಗೋಕಾಕದಲ್ಲಿ 52 ಮೀಟರ್ ಕೆಳಗೆ ಧುಮುಕುವುದು ಇದೇ ನೀರು. ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರದು. ಮಂಜಿನಲ್ಲಿ ಹತ್ತು ಮಾರು ಆಚೆಯ ಮನುಷ್ಯ ಕಾಣುವುದಿಲ್ಲ. ಮಂದಿ ನೋಡ್ಯಾರೆಂಬ ಅಂಜಿಕೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಒಂದೇ ಸೂಚನೆ: ರವಿವಾರ ಬೇಡ. ಅಂದು ಜಲಪಾತದ ಬುಡದಲ್ಲಿ ಕುಡಿದು ಕುಣಿಯುವವರ ಕಾಟ. ಬುಧವಾರವೋ ಗುರುವಾರವೋ ಹೋಗಿ, ಸುಟ್ಟ ಗೋವಿನಜೋಳದ ತೆನೆ ತಿಂದು, ಸಂಜೆಯೊಳಗೆ ಮನೆ ಸೇರಿರಿ. ಆಷಾಢ-ಶ್ರಾವಣದಲ್ಲಿ ಕೃಷ್ಣಾ, ಪಂಚಗಂಗಾ ದಂಡೆಯ ಊರುಗಳ ಕಡೆ ಮಾತ್ರ ವಿಹಾರದ ಮಾತು ಬೇಡ. 2019 ಮತ್ತು 2021ರ ಮಹಾಪೂರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನದಿ ಇಳಿದು ಕಾರ್ತಿಕ ಬಂತೆಂದರೆ ಖಿದ್ರಾಪುರಕ್ಕೆ ಹೋಗಬೇಕು. ಇಚಲಕರಂಜಿಯಿಂದ ಬೆಳಿಗ್ಗೆ ಹೊರಟರೆ ನರಸೋಬಾವಾಡಿಯ ಸಂಗಮ ನೋಡಿ, ಬೇಲದ ಹಣ್ಣಿನ ಬರ್ಫಿ ಕಟ್ಟಿಸಿಕೊಂಡು ಅಲ್ಲಿಗೆ ಹೋಗಬಹುದು. 12ನೇ ಶತಮಾನದಲ್ಲಿ ಶಿಲಾಹಾರರ ಕಾಲಕ್ಕೆ ಎದ್ದ ಕೋಪೇಶ್ವರ ಗುಡಿ ಅದು. ತಳದಲ್ಲಿ ಆನೆಗಳ ಸಾಲು. ಮುಂದಿನ ಸ್ವರ್ಗಮಂಟಪಕ್ಕೆ ನಡುವೆ ಚಾವಣಿಯೇ ಇಲ್ಲ, ದುಂಡಗೆ ಆಕಾಶ ಕಾಣುತ್ತದೆ. ಕಾರ್ತಿಕ ಹುಣ್ಣಿಮೆಯ ರಾತ್ರಿ ಚಂದ್ರ ಆ ತೆರಪಿನ ನೆತ್ತಿಗೆ ಬರುವುದನ್ನು ನೋಡಲು ಜನ ಕೂಡುತ್ತಾರೆ. ಅಲ್ಲಿಯ ಶಾಸನಗಳಲ್ಲಿ ಹಲವು ಕನ್ನಡದವು. ಓದಲು ಬಾರದಿದ್ದರೂ ಅಕ್ಷರದ ಗುರುತು ಹತ್ತುತ್ತದೆ.

ಈ ಗುಡಿಯಲ್ಲಿ ಶಿವನ ಎದುರಿಗೆ ನಂದಿ ಇಲ್ಲ. ಜನ ಹೇಳುವ ಕಥೆ ಹೀಗಿದೆ: ದಕ್ಷನ ಯಜ್ಞಕ್ಕೆ ಸತೀದೇವಿ ನಂದಿಯನ್ನೇರಿ ಹೋದಳು, ಮರಳಿ ಬರಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಶಿವ ಸಿಟ್ಟಿನಿಂದ ಇಲ್ಲಿ ಕೂತ, ಅದಕ್ಕೇ ಕೋಪೇಶ್ವರ. ವಿಷ್ಣು ಬಂದು ಸಮಾಧಾನ ಮಾಡಬೇಕಾಯಿತು. ನಂದಿ ಉಳಿದದ್ದು ಹೊಳೆಯಾಚೆ ನಮ್ಮ ಚಿಕ್ಕೋಡಿ ಕಡೆಯ ಯಡೂರಿನಲ್ಲಿ. ಈಗ ಶಿವ ಮಹಾರಾಷ್ಟ್ರದಲ್ಲಿ, ನಂದಿ ಕರ್ನಾಟಕದಲ್ಲಿ! ಹೆಂಡತಿ ಹೋದ ಮೇಲೆ ಕೋಪಿಸಿಕೊಂಡು ಕೂತರೇನು ಬಂತು? ಇದ್ದಾಗಲೇ ಒಂದು ದಿನ ಜೊತೆಗೆ ಕರೆದುಕೊಂಡು ಹೋಗಬೇಕು ಎಂಬ ಬುದ್ಧಿಮಾತನ್ನು ಆ ಗುಡಿ ನಮ್ಮ ಗಂಡಸರಿಗೆ ಹೇಳುತ್ತಿದೆಯೆಂದೇ ನನಗನಿಸುತ್ತದೆ.

ಚಳಿಗಾಲದ ಸುಖಕ್ಕೆ ಊರು ಬಿಡಬೇಕಾಗಿಯೂ ಇಲ್ಲ. ಗಾಣದ ಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಹೋದರೆ ಬಿಸಿ ಬೆಲ್ಲ ಕೊಡದ ರೈತ ನಮ್ಮ ಕಡೆ ಇಲ್ಲ. ಕೊಲ್ಹಾಪುರ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಅದರ ನಿಜವಾದ ರುಚಿ ಗಾಣದ ಕಟ್ಟೆಯ ಮೇಲೇ ಸೈ. ಹೊಲದಲ್ಲಿ ಸೀತನಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ, ಶೇಂಗಾ ಹಿಂಡಿ ಕೂಡ ತಿನ್ನುವ ಸುಖಕ್ಕೆ ಯಾವ ಹೋಟೆಲು ಸಾಟಿ? ಜನವರಿ 31ರಿಂದ ಮೂರು ದಿನ ಸಂಜೆಯ ಬಿಸಿಲು ಅಂಬಾಬಾಯಿಯ ಗರ್ಭಗುಡಿ ಹೊಗುವ ಕಿರಣೋತ್ಸವ. ಅದನ್ನು ಕಂಡು ರಂಕಾಳ ಕೆರೆಯ ಕಟ್ಟೆಯ ಮೇಲೆ ಅರ್ಧ ತಾಸು ಕೂತು ಬಂದರೂ ಒಂದು ದಿನ ಸಾರ್ಥಕ. ಬೇಸಿಗೆಗೆ ಪನ್ಹಾಳ ಇದ್ದೇ ಇದೆ. ಶಿಲಾಹಾರ ಭೋಜನ ಆ ಕೋಟೆಯನ್ನು 2025ರ ಜುಲೈಯಲ್ಲಿ ಯುನೆಸ್ಕೋ ಜಾಗತಿಕ ಪರಂಪರೆಯ ಪಟ್ಟಿಗೆ ಸೇರಿಸಿದೆ. ಸಜ್ಜಾ ಕೋಠಿಯ ಗಾಳಿಗೆ ಮಾತ್ರ ಯಾವ ಪಟ್ಟಿಯೂ ಬೇಕಿಲ್ಲ.

ಇನ್ನು ಮನೆಯ ವಿಚಾರ. ಹೊರಗೆ ಒಂದು ದಿನ ಸುಖವಾಗಿದ್ದು ಬಂದವಳು ಒಳಗೆ ಕಾಲಿಟ್ಟಾಗಲೂ ಮನಸ್ಸು ಅರಳಬೇಕಲ್ಲ. ಈಗ ನಮ್ಮಲ್ಲಿ ಕಬ್ಬಿನ ಬಿಲ್ಲು ಬಂದರೆ ಸಾಕು, ಪಡಸಾಲೆಗೆ ಕನ್ನಡಿ ಹೊಳಪಿನ ಫರಸಿ, ಗೋಡೆ ತುಂಬ ಶೋಕೇಸು, ಅದರೊಳಗೆ ಪ್ಲಾಸ್ಟಿಕ್ ಹೂ. ಆ ಹೂವಿನ ಧೂಳು ಒರೆಸುವ ಕೆಲಸ ಮತ್ತೆ ಆಕೆಯದೇ! ಚೆಂದ ಎಂದರೆ ಕೆಲಸ ಹೆಚ್ಚಿಸುವುದಲ್ಲ. ಇಚಲಕರಂಜಿಯ ಸಾದಾ ಬಿಳಿ ಹತ್ತಿ ಬಟ್ಟೆ ತಂದು, ಅಂಚಿಗೆ ಹಳೆಯ ಇಳಕಲ್ಲ ಸೀರೆಯ ದಡಿ ಹೊಲಿದರೆ ಕಿಟಕಿಗೆ ಅದಕ್ಕಿಂತ ಒಪ್ಪುವ ಪರದೆ ಇಲ್ಲ. ಅಜ್ಜಿ ಹೊಲಿದ ಕೌದಿಯನ್ನು ಟ್ರಂಕಿನಲ್ಲಿ ಮುಚ್ಚಿಡುವ ಬದಲು ಮಂಚದ ಮೇಲೆ ಹಾಸಿರಿ. ಅದರ ಒಂದೊಂದು ತುಂಡೂ ಮನೆಯ ಯಾರೋ ಉಟ್ಟು ಬಿಟ್ಟ ಸೀರೆ, ಕುಪ್ಪಸ. ತಿಕ್ಕಿ ತೊಳೆದ ತಾಮ್ರದ ಕೊಡದಲ್ಲಿ ನಾಲ್ಕು ಚೆಂಡುಹೂ, ಬಾಗಿಲಿಗೆ ಹೊಸ ಜೋಳದ ತೆನೆಯ ಗೊಂಚಲು, ಹೊಸ್ತಿಲಿಗೆ ಎರಡೆಳೆ ರಂಗೋಲಿ. ಗುಬ್ಬಿ ಬಂದು ತೆನೆ ಕುಕ್ಕಿದರೆ ಕುಕ್ಕಲಿ ಬಿಡಿ, ಮುಂದಿನ ಸುಗ್ಗಿಗೆ ಇನ್ನೊಂದು ಕಟ್ಟಿದರಾಯಿತು.

ಮತ್ತೊಂದು ವಿನಂತಿ. ದೇವರಿಗೆ ಜಗಲಿ ಇದೆ, ಟೀವಿಗೆ ಗೋಡೆ ಇದೆ, ಮೋಟಾರಸೈಕಲ್ಲಿಗೆ ಅಂಗಳ ಇದೆ. ಮನೆಯಾಕೆ ಕಾಲು ಚಾಚಿ ಕೂತು ಒಂದು ವಾಟಿ ಚಹಾ ಕುಡಿಯಲು ಜಾಗ ಎಲ್ಲಿದೆ? ಕಿಟಕಿಯ ಬದಿಗೆ ಒಂದು ಹಾಸಿಗೆ, ಒಂದು ದಿಂಬು, ಅಷ್ಟೇ ಸಾಕು. ಸಂಜೆ ಅರ್ಧ ತಾಸು ಅಲ್ಲಿ ಗಂಡನೂ ಬಂದು ಕೂತರೆ ಅದೇ ದಿನಾಲೂ ಸಿಗುವ ಆಂಬೋಲಿ.

ಇದನ್ನೆಲ್ಲ ಗಡಿಯ ಪುಟದಲ್ಲಿ ಬರೆಯುವುದೇಕೆ ಎಂದು ಕೇಳುವಿರಾ? ಹುಕ್ಕೇರಿಯ ಹುಡುಗಿ ಗಡಹಿಂಗ್ಲಜಕ್ಕೆ ಸೊಸೆಯಾಗಿ ಬರುತ್ತಾಳೆ, ಇಚಲಕರಂಜಿಯ ಮಗಳು ನಿಪ್ಪಾಣಿಗೆ ಹೋಗುತ್ತಾಳೆ. ಇಚಲಕರಂಜಿಯಲ್ಲಿ ಕಾರಹುಣ್ಣಿಮೆಗೆ ಕರಿ ಹರಿಯುವ ಹಬ್ಬವನ್ನು ಮರಾಠಿ ಜನರೇ “ಕರ್ನಾಟಕೀ ಬೆಂದೂರ” ಎಂದು ಕರೆದು ಸಡಗರದಿಂದ ಮಾಡುತ್ತಾರೆ. ಹಬ್ಬ, ಬೀಗತನ, ಬುತ್ತಿ ಯಾವುದಕ್ಕೂ ಇಲ್ಲಿ ಗಡಿ ಇಲ್ಲ. ಆದರೆ ಎಲ್ಲಿಯೋ ಒಂದು ಕಲ್ಲು ಬಿದ್ದರೆ ಮೊದಲು ನಿಲ್ಲುವುದು ಬಸ್ಸು. 2022ರ ಡಿಸೆಂಬರಿನಲ್ಲಿ ನಿಂತಿತು, 2025ರ ಫೆಬ್ರುವರಿಯಲ್ಲಿ ಮತ್ತೆ ನಿಂತಿತು. ಭಾಷಣ ಮಾಡಿದವರು ಕಾರಿನಲ್ಲಿ ಮನೆ ಸೇರುತ್ತಾರೆ. ತವರಿಗೆ ಹೊರಟ ಹೆಣ್ಣುಮಗಳು ಕೂಸು ಕಂಕುಳಲ್ಲಿ ಇಟ್ಟುಕೊಂಡು ಸ್ಟ್ಯಾಂಡಿನಲ್ಲಿ ಉಳಿಯುತ್ತಾಳೆ. ಎರಡೂ ಕಡೆಯ ಮುಖಂಡರಲ್ಲಿ ನನ್ನದು ಒಂದೇ ಬೇಡಿಕೆ: ವಾದ ಕೋರ್ಟಿನಲ್ಲಿ ನಡೆಯಲಿ, ಬಸ್ಸು ರಸ್ತೆಯ ಮೇಲೆ ನಡೆಯಲಿ.

ಮನೆಯ ಹಿರಿಯರಲ್ಲಿಯೂ ಒಂದು ಮಾತು. ಸೊಸೆ ಬಂದು “ಅತ್ತೀ, ನಾವ್ ನಾಳೆ ಖಿದ್ರಾಪುರಕ್ಕ ಹೋಗಿ ಬರ್ತೀವ್ರಿ” ಎಂದರೆ “ಯಾರ್‍ಯಾರು?” ಎಂದು ಕೇಳಬೇಡಿರಿ. “ದನಾ ನಾ ನೋಡ್ಕೊಂತೇನಿ, ನೀವಿಬ್ಬರೂ ಹೋಗಿ ಬರ್‍ರಿ” ಎನ್ನಿರಿ. ನಿಮಗೆ ನಿಮ್ಮ ಕಾಲಕ್ಕೆ ಸಿಗದ ಒಂದು ದಿನವನ್ನು ಆಕೆಗೆ ಕೊಟ್ಟ ಪುಣ್ಯ ನಿಮ್ಮದಾದೀತು.