ಸಮವಸ್ತ್ರದೊಳಗಿನ ಮನುಷ್ಯ

ನಮ್ಮ ಬ್ಲಫಿನಲ್ಲಿ ಮೇಲಿನ ದಂಡೆಯಿಂದ ಕೆಳಗೆ ನೋಡಿದರೆ, ಗುಡ್ಡದ ಮೈಗೆ ಅಂಟಿಕೊಂಡು ಇಳಿಯುವ ದಪ್ಪ ಕೊಳವೆಗಳು ಕಾಣುತ್ತವೆ. ಕಾವೇರಿಯ ನೀರು ಆ ಕಟ್ಟಿಗೆ ಒಳಗಾಗಿ ಧುಮುಕಿದ್ದರಿಂದಲೇ 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಸೈನ್ಯದ ಶಿಸ್ತೂ ಇಂಥದೇ ಎಂದು ಹೇಳುವವರುಂಟು. ಆ ಮಾತು ಸುಳ್ಳಲ್ಲ.

ಸಂವಿಧಾನದ 33ನೆಯ ವಿಧಿಯು ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 1950ರ ಸೇನಾ ಕಾಯಿದೆಯ 21ನೆಯ ಪ್ರಕರಣದಂತೆ, ಸೈನಿಕನು ಕಾರ್ಮಿಕ ಸಂಘ ಸೇರುವುದಕ್ಕೂ ರಾಜಕೀಯ ಸಭೆಗಳಲ್ಲಿ ಪಾಲುಗೊಳ್ಳುವುದಕ್ಕೂ ಪತ್ರಿಕೆಗಳಿಗೆ ಬರೆಯುವುದಕ್ಕೂ ಸರ್ಕಾರವು ನಿರ್ಬಂಧ ಹಾಕಬಹುದು. ಕೋವಿ ಹಿಡಿದ ಕೈ ರಾಜಕಾರಣದಲ್ಲಿ ತೊಡಗಬಾರದು. 1949ರಲ್ಲಿ ನಮ್ಮ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕೊಡಗಿನ ಕಾರಿಯಪ್ಪನವರು ಪಟ್ಟು ಹಿಡಿದು ಕಲಿಸಿದ ಪಾಠವೂ ಅದೇ.

ಆದರೆ ಅದೇ ಕಾಯಿದೆಯ 46ನೆಯ ಪ್ರಕರಣವು ಕ್ರೂರವಾದ, ಅಸಭ್ಯವಾದ ನಡತೆಯೊಂದಿಗೆ ‘ಅಸ್ವಾಭಾವಿಕ’ ನಡತೆಯನ್ನೂ ಸೇರಿಸಿ, ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಲು ಎಡೆಮಾಡಿತು. ಪ್ರಾಯಕ್ಕೆ ಬಂದವರ ಸಮ್ಮತಿಯ ಸಲಿಂಗಾನುರಾಗವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು 2018ರ ಸೆಪ್ಟೆಂಬರ್ 6ರಂದು ಒಮ್ಮತದಿಂದ ತೀರ್ಪಿತ್ತರು. ಮರುವರ್ಷ ಜನವರಿಯಲ್ಲಿ ಅಂದಿನ ದಂಡನಾಯಕ ಜನರಲ್ ಬಿಪಿನ್ ರಾವತ್ ಅವರು, ಸೇನೆಯು ಕಾನೂನಿಗೆ ಮೀರಿದುದಲ್ಲವಾದರೂ ಇದಕ್ಕೆ ಸೇನೆಯಲ್ಲಿ ಅವಕಾಶವಿಲ್ಲವೆಂದರು.

ವಾಚಕ ಮಹಾಶಯರೆ, ಮಳವಳ್ಳಿಯ ಕಡೆಯ ಯಾವುದೋ ಹಳ್ಳಿಯ ತರುಣನೊಬ್ಬ ರಜೆಯ ಮೇಲೆ ಊರಿಗೆ ಬಂದಿದ್ದಾನೆಂದು ಊಹಿಸಿಕೊಳ್ಳಿ. “ಮಗಾ, ಈ ಸಲವಾದರೂ ಹೆಣ್ಣು ನೋಡಾನ ಕಣಪ್ಪ” ಎಂದು ತಾಯಿ ಅಂಗಲಾಚುತ್ತಾಳೆ. ಅವನ ಮನಸ್ಸು ಹೆಣ್ಣಿನತ್ತ ಒಲಿಯುವಂಥದಲ್ಲ. ತಾಯಿಗೆ ಹೇಳಲು ಬಾಯಿ ಬಾರದು. ಮೇಲಧಿಕಾರಿಗೆ ಹೇಳಿದರೆ ಅನ್ನಕ್ಕೇ ಸಂಚಕಾರ. ಪತ್ರಿಕೆಗೆ ಬರೆಯಲು ಕಾಯಿದೆಯ ಅಡ್ಡಿ. ದೇಶಕ್ಕಾಗಿ ಪ್ರಾಣ ಕೊಡಲು ಅರ್ಹನಾದವನು ತನ್ನ ನಿಜವನ್ನು ನುಡಿಯಲು ಅನರ್ಹನೆ?

ಒಂದೇ ಬಿಡಾರದಲ್ಲಿ ನೂರಾರು ಗಂಡಸರು ಬಾಳುವಾಗ ಕಟ್ಟುನಿಟ್ಟು ಬೇಡವೆ ಎಂಬ ಆಕ್ಷೇಪ ಬರುತ್ತದೆ. ಖಂಡಿತವಾಗಿ ಬೇಕು. ಮೇಲಿನವನು ಕೆಳಗಿನವನನ್ನು ಪೀಡಿಸಿದರೆ, ಬಲಾತ್ಕರಿಸಿದರೆ, ಕಠಿಣ ಶಿಕ್ಷೆಯಾಗಲಿ; ಪೀಡೆಗೆ ಒಳಗಾದವರು ಹೆಣ್ಣಾಗಲಿ ಗಂಡಾಗಲಿ ನಿಯಮವು ಒಂದೇ ಆಗಿರಲಿ. ಅದು ನಡತೆಗೆ ಶಿಕ್ಷೆ. ಹುಟ್ಟಿನಿಂದ ಬಂದ ಒಲವನ್ನೇ ದಂಡಿಸುವುದು ಶಿಸ್ತಲ್ಲ.

ಬ್ರಿಟನ್ನಿನ ಸೇನೆ ಈ ನಿಷೇಧವನ್ನು 2000ದಲ್ಲಿ ತೆಗೆದುಹಾಕಿತು. ಅಮೆರಿಕವು 1993ರಲ್ಲಿ ‘ನಾವು ಕೇಳೆವು, ನೀನು ಹೇಳಬೇಡ’ ಎಂಬ ವಿಚಿತ್ರ ನೀತಿಯನ್ನು ತಂದಿತು. ಮುಚ್ಚಿಟ್ಟರೆ ಕೆಲಸ ಉಳಿಯಿತು, ಬಾಯಿಬಿಟ್ಟರೆ ಹೋಯಿತು! ಇದು ವಾಕ್‌ಸ್ವಾತಂತ್ರ್ಯಕ್ಕೇ ವಿರುದ್ಧವೆಂದು 2010ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಧೀಶೆ ವರ್ಜೀನಿಯ ಫಿಲಿಪ್ಸ್ ತೀರ್ಪಿತ್ತರು. 2011ರ ಸೆಪ್ಟೆಂಬರಿನಲ್ಲಿ ಆ ನೀತಿ ಕೊನೆಗೊಂಡಿತು. ಅದರಿಂದ ಆ ಎರಡು ಸೇನೆಗಳೇನೂ ಚದುರಿಹೋಗಲಿಲ್ಲ.

ನಮ್ಮಲ್ಲಿ ಸೈನಿಕನು ಮಾತ್ರವಲ್ಲ, ಅವನ ಕತೆಯನ್ನು ಹೇಳಹೊರಟವರೂ ಬಾಯಿ ಕಟ್ಟಿಕೊಳ್ಳಬೇಕಾಯಿತು. ಸಲಿಂಗಾನುರಾಗಿ ಯೋಧನೊಬ್ಬನನ್ನು ಕುರಿತು ನಿರ್ದೇಶಕ ಒನಿರ್ ಬರೆದ ಚಿತ್ರಕಥೆಗೆ ರಕ್ಷಣಾ ಸಚಿವಾಲಯವು 2022ರ ಜನವರಿಯಲ್ಲಿ ಒಪ್ಪಿಗೆಯನ್ನು ನಿರಾಕರಿಸಿತು. ಯುದ್ಧದ ಗುಟ್ಟನ್ನು ಕಾಯುವುದು ಸರ್ಕಾರದ ಧರ್ಮ. ಮನುಷ್ಯನ ಒಲವು ಯಾವ ಯುದ್ಧದ ಗುಟ್ಟು?

ಸೈನಿಕನಿಂದ ಮೌನವನ್ನು ಬೇಡುವ ಹಕ್ಕು ರಾಷ್ಟ್ರಕ್ಕಿದೆ; ಸುಳ್ಳನ್ನು ಬೇಡುವ ಹಕ್ಕಿಲ್ಲ. ಕಾಯಿದೆಯ ಆ ಒಂದು ಪದವನ್ನು ಹೊಡೆದುಹಾಕಿದರೆ ಗಡಿಯ ಕಾವಲು ಸಡಿಲವಾಗದು. ಪಕ್ಕದವನಿಗೆ ಅಂಜಿ ಬಾಳುವವನಿಗಿಂತ, ಎದುರಿನ ಶತ್ರುವಿನ ಮೇಲಷ್ಟೇ ಕಣ್ಣಿಟ್ಟವನು ಉತ್ತಮ ಕಾವಲುಗಾರನಲ್ಲವೆ?